ಬೆಂದ ಮೇಲಿನ ತೂಕ

ಬೇಕರಿಯಲ್ಲಿ ಅವನಿಗೆ ತಕ್ಕಡಿ ಎಂದೇ ಹೆಸರು. ನಾದಿದ ಹಿಟ್ಟನ್ನು ಕತ್ತರಿಸಿ ಅಂಗೈಯಲ್ಲಿ ಎತ್ತಿ ನೋಡಿದರೆ ಸಾಕು, ಇಷ್ಟು ಗ್ರಾಂ ಎಂದು ಹೇಳಿಬಿಡುತ್ತಿದ್ದ. ಆಮೇಲೆ ತೂಕದ ಯಂತ್ರದ ಮೇಲಿಟ್ಟು, ಅದೂ ಅಷ್ಟೇ ತೋರಿಸಿದರೆ, ಪರವಾಗಿಲ್ಲ, ಯಂತ್ರ ಇನ್ನೂ ಸರಿಯಾಗಿದೆ ಎನ್ನುತ್ತಿದ್ದ. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ಕೋಪ ಅದಕ್ಕಿಂತ ಹಳೆಯದು, ಹುಟ್ಟಿದಾಗಿನಿಂದಲೂ ಮೂಗಿನ ತುದಿಯಲ್ಲೇ ಕೂತದ್ದು. ಆದರೆ ಈ ಐದು ವಾರಗಳಲ್ಲಿ ಅದು ಮೂಗು ಬಿಟ್ಟು ಮೈಯೆಲ್ಲ ಹರಡಿತ್ತು.

ಹಸಿವು. ಬೇರೆ ಏನೂ ಅಲ್ಲ, ಹಾಳು ಹಸಿವು. ಉಂಡು ಕೈ ತೊಳೆಯುವ ಹೊತ್ತಿಗೇ ಮತ್ತೆ ಹೊಟ್ಟೆ ಚುರುಗುಡುತ್ತಿತ್ತು.

ಎಡಗಾಲಿನ ಹೆಬ್ಬೆರಳಲ್ಲಿ ಎದ್ದ ಹುಣ್ಣು ಮಾಯದೆ ಹೋದಾಗ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕನ್ನಡಕ ತೆಗೆದು, "ಮೂರು ತಿಂಗಳು ಟೈಮ್ ಕೊಡ್ತೀನಿ. ಸಕ್ಕರೆ ಇಳಿದ್ರೆ ಬೆರಳು ನಿಮ್ದು. ಇಳೀದಿದ್ರೆ ನಂದು" ಎಂದಿದ್ದರು. ಅವನ ಅಣ್ಣನಿಗೂ ಯಾರೋ ಹೀಗೇ ಹೇಳಿದ್ದರು. ಅಣ್ಣ ಸೋಮವಾರದಿಂದ ಶುರು ಮಾಡ್ತೀನಿ ಎಂದ. ಆ ಸೋಮವಾರ ಬರಲೇ ಇಲ್ಲ. ಮೊದಲು ಬೆರಳು ಹೋಯಿತು, ಆಮೇಲೆ ಮೊಣಕಾಲಿನ ತನಕ ಹೋಯಿತು. ಅಣ್ಣನ ಮನೆಯ ಬಾಗಿಲಲ್ಲಿ ಈಗ ಒಂದೇ ಚಪ್ಪಲಿ ಇರುತ್ತದೆ.

ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ ಕೂತಿದ್ದ ಪಥ್ಯದ ಹುಡುಗಿ ಒಂದು ಕಾಗದ ಕೊಟ್ಟಿದ್ದಳು. ಮೈದಾ ಇಲ್ಲ, ಸಕ್ಕರೆ ಇಲ್ಲ, ಪೊಟ್ಟಣ ಒಡೆದು ತಿನ್ನುವುದು ಯಾವುದೂ ಇಲ್ಲ. "ಕಾರ್ಖಾನೆ ಮುಟ್ಟಿದ್ದನ್ನ ನೀವು ಮುಟ್ಟಬೇಡಿ ಅಂಕಲ್. ಹೊಲದಿಂದ ಹೇಗೆ ಬಂತೋ ಹಾಗಿರೋದನ್ನ ತಿನ್ನಿ. ಇಡೀ ಕಾಳು, ಗೋಧಿ ನುಚ್ಚು, ಸೊಪ್ಪು, ಹಣ್ಣು. ಹೊಟ್ಟೆ ತುಂಬುತ್ತೆ, ನೋಡ್ತಿರಿ."

ಜೀವಮಾನವೆಲ್ಲ ಮೈದಾ ನಾದಿದವನಿಗೆ ಹೇಳುವ ಮಾತೇ ಇದು? ಆದರೂ ಅವನು ಬಾಯಿ ಮುಚ್ಚಿಕೊಂಡು ಕೇಳಿದ. ಕಣ್ಣ ಮುಂದೆ ಆ ಒಂಟಿ ಚಪ್ಪಲಿ ಇತ್ತು.

ಕಾಗದದಲ್ಲಿ ಮಧ್ಯಾಹ್ನಕ್ಕೆ ಕಾಳು ಐವತ್ತು ಗ್ರಾಂ, ನುಚ್ಚು ಎಪ್ಪತ್ತು ಗ್ರಾಂ ಎಂದಿತ್ತು. ಗ್ರಾಂ ಎಂದರೆ ಅವನಿಗೆ ದೇವರ ಮಾತು. ಬೇಕರಿಯ ಹಳೆಯ ಯಂತ್ರವೊಂದನ್ನು ಮನೆಗೆ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟ. ಹೆಂಡತಿ ಕಾಳು ಬೇಯಿಸಿ ಇಳಿಸಿದ ಮೇಲೆ, ನೀರು ಬಸಿದು, ತಾನೇ ತೂಗುವನು. ಐವತ್ತೆರಡು ತೋರಿಸಿದರೆ ಒಂದೆರಡು ಕಾಳು ಆರಿಸಿ ಪಾತ್ರೆಗೆ ವಾಪಸ್ ಹಾಕುವನು.

ಬೆಂದ ಮೇಲೆ ತೂಗುವುದನ್ನು ಅವನಿಗೆ ಕಲಿಸಿದವನು ಕೆಲಸ ಹೇಳಿಕೊಟ್ಟ ಹಿರಿಯ ಮೇಸ್ತ್ರಿ. ಒಲೆ ತನ್ನ ಪಾಲು ತಿಂದೇ ತಿನ್ನುತ್ತದೆ. ನಾನೂರು ಗ್ರಾಮಿನ ಬ್ರೆಡ್ ಬೇಕಾದರೆ ನಾನೂರ ಅರವತ್ತು ಗ್ರಾಂ ಹಿಟ್ಟು ಹಾಕಬೇಕು. ಹಸಿ ತೂಕ ಕೆಲಸದವನದು, ಬೆಂದ ತೂಕ ಗಿರಾಕಿಯದು. ಲೆಕ್ಕಕ್ಕೆ ಬರುವುದು ಬೆಂದದ್ದೇ. ಈಗ ತಿನ್ನುವವನು ತಾನು, ಗಿರಾಕಿ ತಾನು. ಅಲ್ಲಿಗೆ ಮುಗಿಯಿತು.

ಎರಡನೆಯ ದಿನವೇ ಹೆಂಡತಿ ತಟ್ಟೆ ನೋಡಿ ಹೇಳಿದ್ದಳು. "ಇಷ್ಟೇನಾ? ಇದು ಬೆಕ್ಕಿಗೂ ಸಾಲಲ್ಲ. ಆ ಹುಡುಗೀನ ಇನ್ನೊಂದ್ಸಲ ಕೇಳ್ಕೊಂಡು ಬನ್ನಿ."

"ತೂಕದ ವಿಷಯ ನೀನು ನಂಗೆ ಹೇಳ್ಕೊಡ್ಬೇಡ."

"ತೂಕ ಅಲ್ಲಾರೀ, ಕಾಳು ಬೆಂದ್ರೆ…"

"ಸಾಕು ಅಂದೆ."

ಅವಳು ಸಾಕು ಮಾಡಿದಳು. ನಾಲ್ಕನೆಯ ವಾರ, ಪಾತ್ರೆಯಲ್ಲಿ ಉಳಿದ ಕಾಳನ್ನು ಅವಳು ಬಾಯಿಗೆ ಹಾಕಿಕೊಂಡದ್ದನ್ನು ನೋಡಿ, ನಾನಿಲ್ಲಿ ಸಾಯ್ತಿದ್ರೆ ನಿಂಗೆ ಮೇಯೋ ಚಿಂತೆ ಎಂದು ತಟ್ಟೆ ಎಸೆದ. ತಟ್ಟೆ ಗೋಡೆಗೆ ಬಡಿದು ಸುಣ್ಣ ಕಿತ್ತುಬಂತು. ಅಂದಿನಿಂದ ಅವಳು ಮಾತು ಬಿಟ್ಟಳು. ಕಾಳು ಬೇಯಿಸುವಳು, ಇಡುವಳು, ಹೋಗುವಳು.

ಬೇಕರಿಯಲ್ಲೂ ಅದೇ ಕಥೆ. ಮೊದಲ ಸರದಿಯ ಬನ್ನು ಒಲೆಯಿಂದ ಹೊರಗೆ ಬರುವ ಬೆಳಗಿನ ಹೊತ್ತು ಅವನ ಪಾಲಿಗೆ ನರಕ. ವಾಸನೆ ಮೂಗಿಗೆ ಬಡಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಹಿಟ್ಟಿನ ತೂಕ ಐದು ಗ್ರಾಂ ತಪ್ಪಿತು, ಹತ್ತು ತಪ್ಪಿತು. ಜನ್ಮದಲ್ಲಿ ಮೊದಲ ಸಲ.

ಒಲೆ ನೋಡಿಕೊಳ್ಳುವ ಕೆಂಡ ಎಂಬವನು ಹಲ್ಲು ಕಿರಿದ. "ಏನಪ್ಪಾ ತಕ್ಕಡಿ, ಮುಳ್ಳು ಅಲ್ಲಾಡ್ತಾ ಇದೆ. ಒಂದು ಬನ್ ತಿನ್ನು ಮಾರಾಯ. ಒಂದು ಬನ್ನಿಗೆ ಯಾರ ಕಾಲೂ ಹೋಗಲ್ಲ."

"ನನ್ನಣ್ಣನೂ ಒಂದೊಂದೇ ತಿಂದಿದ್ದು ಕಣೋ. ಮುಚ್ಕೊಂಡು ತಟ್ಟೆ ಎಳಿ."

ಕೆಂಡ ತಟ್ಟೆ ಎಳೆದ. ಹೊಂಬಣ್ಣದ ಬನ್ನುಗಳು, ಬೆನ್ನ ಮೇಲೆ ಬೆಣ್ಣೆಯ ಮಿರುಗು. ಅವನ ಕೈ ಹೇಗೆ ಹೋಯಿತೋ ಅವನಿಗೇ ಗೊತ್ತಿಲ್ಲ. ಬಾಯಲ್ಲಿ ಬಿಸಿ ಮೆತ್ತನೆಯದು ತುಂಬಿದಾಗ ಎಚ್ಚರವಾಯಿತು. ನುಂಗಲಿಲ್ಲ. ನಾಲಿಗೆ ಬೇಡಿಕೊಳ್ಳುತ್ತಿತ್ತು. ಅವನು ಕಸದ ಡಬ್ಬಿಯ ತನಕ ನಡೆದು ಉಗಿದ. ಕಣ್ಣಲ್ಲಿ ನೀರು ಬಂದಿತ್ತು. ಅದು ಕೋಪದ ನೀರು. ಏಪ್ರನ್ ಬಿಚ್ಚಿ ಎಸೆದು ಊಟದ ಡಬ್ಬಿ ತೆಗೆದುಕೊಂಡ. ಕೆಂಡ, "ಎಲ್ಲಿಗೆ?" ಎಂದ.

"ಹೊಟ್ಟೆ ತುಂಬುತ್ತೆ ಅಂದವಳನ್ನ ಕೇಳೋದಿದೆ."

ಪಥ್ಯದ ಹುಡುಗಿ ಕೋಣೆಯಲ್ಲಿ ಊಟ ಮಾಡುತ್ತಿದ್ದಳು. ದೊಡ್ಡ ಡಬ್ಬಿ, ಅಂಚಿನ ತನಕ ಕಾಳು, ನುಚ್ಚು, ಸೊಪ್ಪು. ನೋಡಿದ್ದೇ ತಡ, ಅವನ ಪಿತ್ತ ನೆತ್ತಿಗೇರಿತು.

"ಓಹೋ. ನಮಗೆ ಉಪವಾಸ, ನಿಮಗೆ ಔತಣ. ಚೆನ್ನಾಗಿದೆ ವ್ಯವಸ್ಥೆ."

"ಕೂತ್ಕೊಳ್ಳಿ ಅಂಕಲ್. ಏನಾಯ್ತು?"

"ಏನಾಗ್ಬೇಕು? ಐದು ವಾರ ಆಯ್ತು. ನಿಮ್ಮ ಕಾಗದದಲ್ಲಿದ್ದಷ್ಟೇ ತಿಂದೆ. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಮ್ಮಿ ಇಲ್ಲ. ಹೊಟ್ಟೆ ಬೆನ್ನಿಗೆ ಹತ್ತಿದೆ. ನೋಡಿ ಇದು ನನ್ನ ಊಟ." ಡಬ್ಬಿ ಬಿಚ್ಚಿ ಮೇಜಿನ ಮೇಲೆ ಕುಕ್ಕಿದ.

ಹುಡುಗಿ ಡಬ್ಬಿಯ ತಳ ನೋಡಿದಳು. ಅವನ ಮುಖ ನೋಡಿದಳು. ಚಮಚ ಕೆಳಗಿಟ್ಟಳು.

"ಇದು ಬೆಂದ ಮೇಲೆ ತೂಗಿದ್ದಾ?"

"ಮತ್ತೆ? ಹಸಿಯದು ತಿನ್ತಾರಾ?"

ಅವಳು ರೋಗಿಗಳಿಗೆ ತೋರಿಸಲು ಇಟ್ಟಿದ್ದ ಸೀಸೆಯಿಂದ ಒಣ ಕಾಳು ಸುರಿದು ತೂಗಿದಳು. ಐವತ್ತು. ಅದನ್ನು ಅವನ ಅಂಗೈಗೆ ಹಾಕಿದಳು. "ಇದನ್ನ ಬೇಯಿಸಿದ್ರೆ ನನ್ನ ಡಬ್ಬೀಲಿ ಕಾಳಿದ್ಯಲ್ಲ, ಅಷ್ಟಾಗುತ್ತೆ. ಇದು ನಿಮ್ಮ ಒಂದು ಹೊತ್ತಿನ ಕಾಳು. ನುಚ್ಚೂ ಅಷ್ಟೇ. ಅಂಕಲ್, ನೀವು ಹೆಚ್ಚುಕಮ್ಮಿ ಮೂರನೇ ಒಂದು ಪಾಲು ತಿಂತಾ ಇದ್ರಿ."

ಅಂಗೈ ಸುಳ್ಳು ಹೇಳುವುದಿಲ್ಲ. ಬ್ರೆಡ್ ಒಲೆಯಲ್ಲಿ ನೀರು ಕಳೆದುಕೊಳ್ಳುತ್ತದೆ, ಕಾಳು ಪಾತ್ರೆಯಲ್ಲಿ ನೀರು ಕುಡಿಯುತ್ತದೆ. ಅಡುಗೆಮನೆಗೆ ಒಂದು ದಿನ ಕಾಲಿಟ್ಟವರಿಗೂ ತಿಳಿಯುವ ವಿಷಯ.

"ಕಾಗದದಲ್ಲಿ ಹಸಿ ಅಂತ ಬರೆಯೋಕೆ ನಿಮ್ಮ ಕೈ ಸೇದಿಹೋಗಿತ್ತಾ?"

"ಎಲ್ರೂ ಬೇಯಿಸೋಕೆ ಮುಂಚೆ ತಾನೇ ಅಳೆಯೋದು? ಬೆಂದ ಮೇಲೆ ಯಾರು ಅಳೀತಾರೆ?"

"ಬೇಕರಿಯವ್ರು" ಎಂದು ಹಲ್ಲು ಕಚ್ಚಿಕೊಂಡೇ ಹೇಳಿದ.

ಹುಡುಗಿ ಅವನ ಕಾಗದ ಕೇಳಿ ಪಡೆದು, ಪ್ರತಿ ಸಾಲಿನ ಪಕ್ಕ ದಪ್ಪ ಅಕ್ಷರದಲ್ಲಿ ಹಸಿ, ಹಸಿ, ಹಸಿ ಎಂದು ಬರೆದಳು. ಆಮೇಲೆ ತನ್ನ ಡಬ್ಬಿಯನ್ನು ಅವನ ಕಡೆ ಸರಿಸಿದಳು. ಅವನು ಬೇಡ ಎಂದು ಎದ್ದು ಬಂದ. ಬೀದಿಯ ಕೊನೆ ತಿರುಗುವ ತನಕ ಆ ಡಬ್ಬಿಯದೇ ನೆನಪು.

ಮನೆಗೆ ಬಂದವನೇ ಕಾಳಿನ ಡಬ್ಬ ಎಳೆದು ಯಂತ್ರದ ಮೇಲೆ ಸುರಿದ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಹಸಿ ತೂಕ ಅಂತೆ" ಎಂದ, ಅವಳ ಕಡೆ ತಿರುಗದೆ.

ಒಂಬತ್ತು ದಿನದ ಮೇಲೆ ಅವಳು ಬಾಯಿ ಬಿಟ್ಟಳು. "ಯಾರು ಹೇಳಿದ್ದು?"

"ಆ ಹುಡುಗಿ."

"ನಾನು ಹೇಳಿದ್ದು?"

"ನೀನು ಸಾಲಲ್ಲ ಅಂದೆ. ಹಸಿ ಅಂತ ಎಲ್ಲಿ ಹೇಳ್ದೆ?"

"ಹೇಳೋಕೆ ಬಿಟ್ರಾ?"

ಅವನು ಕಾಳನ್ನು ಪಾತ್ರೆಗೆ ಸುರಿದು ಒಲೆ ಹಚ್ಚಲು ಹೋದ. ಅವಳು ಅವನ ಕೈಯಿಂದ ಪಾತ್ರೆ ಕಿತ್ತುಕೊಂಡಳು. "ನೆನೆಸದೆ ಬೇಯುತ್ತಾ ಇದು? ನಾಳೆಗಾಯ್ತು."

"ನಾಳೆಗಾ? ಐದು ವಾರ ಸತ್ತಿದ್ದು ಸಾಲದಾ?"

"ಕೂಗಾಡಿದ್ರೆ ಕಾಳು ನೆನೆಯಲ್ಲ. ಈಗ ನುಚ್ಚು ಬೇಯಿಸ್ತೀನಿ, ಸುಮ್ನೆ ಕೂತ್ಕೊಳ್ಳಿ." ಅವಳು ಯಂತ್ರವನ್ನು ಕಟ್ಟೆಯ ಮೂಲೆಗೆ ತಳ್ಳಿದಳು. "ಇದನ್ನ ಬೇಕರಿಗೆ ವಾಪಸ್ ಕೊಟ್ಬಿಡಿ."

ಅವನು ಗೋಡೆಯಲ್ಲಿ ಸುಣ್ಣ ಕಿತ್ತ ಜಾಗವನ್ನು ನೋಡಿದ. ಕೆಳಗೆ ತನ್ನ ಬೆರಳನ್ನು ನೋಡಿದ. ಪಟ್ಟಿ ಕಟ್ಟಿಕೊಂಡು ಅದು ಇನ್ನೂ ಅಲ್ಲೇ ಇತ್ತು. ಇನ್ನು ಏಳೆಂಟು ವಾರ.

"ಇರ್ಲಿ ಅದು" ಎಂದ, ಬೈದಂತೆ. "ನಾನು ಮುಟ್ಟಲ್ಲ. ನೀನೇ ತೂಗು."

ಅವಳು ನುಚ್ಚು ತೂಗಿದಳು. ಎಪ್ಪತ್ತು. ಎಸರಿಗೆ ಹಾಕಿ ಮುಚ್ಚಳ ಮುಚ್ಚಿದಳು. ಅವನು ನೆಲದ ಮೇಲೆ ಕೂತು ಮುಚ್ಚಳವನ್ನೇ ದುರುಗುಟ್ಟಿ ನೋಡಿದ. ಎರಡು ನಿಮಿಷವೂ ಆಗಿರಲಿಲ್ಲ.

"ಇನ್ನೂ ಬೆಂದಿಲ್ವಾ ಅದು?"