ಸಾಲಿನಲ್ಲಿ ನಲವತ್ತೊಂದು ಜನ

ಫೋಟೋಗಳಿಗೆ ಗಾಜು, ಕಟ್ಟು ಹಾಕಿಕೊಡುವ ಫ್ರೇಮಣ್ಣ ಬೆಳಿಗ್ಗೆಯಿಂದ ಅಂಗಡಿಯಲ್ಲಿ ಒಂದು ಫೋಟೋವನ್ನೂ ಮುಗಿಸಿರಲಿಲ್ಲ. ಸಂಜೆ ತಂಗಿ ಬರುವವಳಿದ್ದಳು. ಅವಳಿದ್ದ ಬಾಡಿಗೆ ಮನೆಯನ್ನು ಮಾಲೀಕ ಮಾರಿಬಿಟ್ಟಿದ್ದ; ನಾಳೆ ಹೊಸ ಮನೆಗೆ ಅಡ್ವಾನ್ಸ್ ಕೊಡದಿದ್ದರೆ ಎರಡು ಮಕ್ಕಳನ್ನು ಕಟ್ಟಿಕೊಂಡು ಬೀದಿಯಲ್ಲಿ ನಿಲ್ಲಬೇಕು. ಆ ದುಡ್ಡನ್ನು ಅವಳು ಅಣ್ಣನ ಹತ್ತಿರ ಇಟ್ಟಿದ್ದಳು. ಗಂಡನ ಕೈ ತೂತು, ಅಣ್ಣನ ಕೈ ಭದ್ರ ಅಂತ ಪಾಪ ಅವಳ ನಂಬಿಕೆ. ಅಣ್ಣ ಅದಷ್ಟನ್ನೂ ತೆಗೆದುಕೊಂಡು ಹೋಗಿ ಷೇರಿಗೆ ಹಾಕಿದ್ದ. ಅವಳಿಗೆ ಹೇಳಿರಲಿಲ್ಲ.

ಷೇರು ಎಂಥದ್ದು ಅಂದರೆ, ಇಂಟರ್ನೆಟ್ಟಿನ ಮೇಲೆ ಫೋನ್ ಮಾತಾಡಿಸುವ ಒಂದು ಸಣ್ಣ ಕಂಪನಿಯದ್ದು. ತಂತಿ ಬೇಡ, ಟವರ್ ಬೇಡ, ನಾಳೆ ಜಗತ್ತೆಲ್ಲ ಇದರಲ್ಲೇ ಮಾತಾಡುತ್ತದೆ ಎಂದು ಅದರ ಜಾಹೀರಾತು. ಇದನ್ನು ಪತ್ತೆ ಮಾಡಿದವನು ಫ್ರೇಮಣ್ಣನ ಸೋದರಮಾವ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅಪ್ಪ ಹೋದ ಮೇಲೆ ಅಣ್ಣತಂಗಿ ಇಬ್ಬರನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದವನೂ ಅವನೇ. ಮಾವನಿಗೆ ಕಂಪನಿಯ ವರದಿಗಳ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ.

"ಹೋಟೆಲು ಚೆನ್ನಾಗಿದೆಯೋ ಇಲ್ವೋ ಅಂತ ತಿಳ್ಕೊಳ್ಳೋಕೆ ಊಟ ಮಾಡ್ಬೇಕಾ? ಹೊರಗಡೆ ಎಷ್ಟು ಜನ ಕಾಯ್ತಿದ್ದಾರೆ ನೋಡಿದ್ರೆ ಸಾಕು ಕಣೋ," ಎಂದಿದ್ದ.

ಹೀಗೆ ಶುರುವಾಯಿತು ಇವರ ಸಂಶೋಧನೆ. ಕಂಪನಿಯ ಸಹಾಯವಾಣಿಗೆ ಫೋನ್ ಹಾಕುವುದು. "ನೀವು ಸಾಲಿನಲ್ಲಿ ಇಷ್ಟನೆಯವರು" ಎಂದು ಯಂತ್ರ ಹೇಳುತ್ತದಲ್ಲ, ಆ ನಂಬರನ್ನು ಕೇಳಿಕೊಂಡು ಇಟ್ಟುಬಿಡುವುದು. ಸಾಲು ಬೆಳೆದರೆ ಗಿರಾಕಿ ಬೆಳೆದ ಹಾಗೆ. ಮಾವ ಇದಕ್ಕೊಂದು ವಾಟ್ಸಾಪ್ ಗುಂಪು ಮಾಡಿದ. ದರ್ಜಿಗಳು, ನರ್ಸುಗಳು, ಡ್ರೈವಿಂಗ್ ಕಲಿಸುವವರು, ಎಲ್ಲ ನಮ್ಮ ನಿಮ್ಮಂಥ ಜನ ಸೇರಿದರು. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಮಾಡಿದರೆ ಲೆಕ್ಕ ಶುದ್ಧವಾಗುವುದಿಲ್ಲ ಎಂದು, ಎಲ್ಲರೂ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಫೋನ್ ಮಾಡಬೇಕೆಂದು ಕಟ್ಟಳೆ ಮಾಡಿದ. ಮೊದಮೊದಲು ಐದು, ಆರು ಬರುತ್ತಿದ್ದ ನಂಬರು ಇಪ್ಪತ್ತಾಯಿತು, ಮೂವತ್ತಾಯಿತು. ಗುಂಪಿನಲ್ಲಿ ಹಬ್ಬವೋ ಹಬ್ಬ. ಅಲ್ಲ, ಅಷ್ಟು ಜನರಲ್ಲಿ ಒಬ್ಬರ ತಲೆಗಾದರೂ ಹೊಳೆಯಬಾರದಿತ್ತೇ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಎಲ್ಲರೂ.

ಆವತ್ತು ಒಂದು ಗಂಟೆಗೆ ಫ್ರೇಮಣ್ಣನೂ ಫೋನ್ ಹಾಕಿದ. ಯಂತ್ರ ನಲವತ್ತೊಂದು ಎಂದಿತು. ಬೇರೆ ದಿನವಾಗಿದ್ದರೆ ಖುಷಿಯಿಂದ ಇಟ್ಟುಬಿಡುತ್ತಿದ್ದ. ಆದರೆ ಷೇರು ಇವತ್ತು ಮಾರಲೇಬೇಕು, ಕೊಳ್ಳುವವರು ಕಾಣುತ್ತಿಲ್ಲ, ಒಳಗಿನವರ ಬಾಯಿಂದ ಒಂದು ಧೈರ್ಯದ ಮಾತಾದರೂ ಕೇಳೋಣ ಎಂದು ಹಿಡಿದುಕೊಂಡೇ ಕೂತ. ನಲವತ್ತೊಂದು ಇದ್ದದ್ದು ಉಸಿರು ಬಿಡುವಷ್ಟರಲ್ಲಿ ಒಂಬತ್ತಾಯಿತು. ಆಮೇಲೆ ಒಂದು.

"ಸರ್, ದಯವಿಟ್ಟು ಇಡ್ಬೇಡಿ!" ಆ ಕಡೆಯ ಹುಡುಗಿ ಕೂಗಿಯೇಬಿಟ್ಟಳು. "ಇದ್ದೀರಾ? ನಮ್ಮ ಗಿರಾಕೀನಾ ನೀವು?"

"ಅಲ್ಲಮ್ಮ. ಸುಮ್ನೆ... ತುಂಬಾ ಜನ ಫೋನ್ ಮಾಡ್ತಾರೆ ಅಲ್ವಾ ನಿಮಗೆ?"

"ಒಂದು ಗಂಟೆಗೆ ಮಾತ್ರ ಸರ್. ಒಟ್ಟಿಗೆ ಬರ್ತಾರೆ, ಒಟ್ಟಿಗೆ ಇಡ್ತಾರೆ. ಮಿಕ್ಕ ಹೊತ್ತಲ್ಲಿ ದಿನಕ್ಕೆ ಒಬ್ರೋ ಇಬ್ರೋ, ಅದೂ ಕನೆಕ್ಷನ್ ತೆಗೆದುಹಾಕಿ ಅನ್ನೋರು." ಅವಳು ದನಿ ತಗ್ಗಿಸಿದಳು. "ಇಲ್ಲಿ ಈಗ ನಾನೊಬ್ಬಳೇ ಇರೋದು. ಸಂಬಳದ ಬದಲು ಷೇರು ಕೊಟ್ಟಿದ್ದಾರೆ. ಇಷ್ಟು ಜನ ಫೋನ್ ಮಾಡ್ತಿದ್ದಾರೆ ಅಂದ್ರೆ ಕಂಪನಿ ಮೇಲೇಳುತ್ತೆ ಅಂತಾರೆ ನಮ್ಮ ಸಾಹೇಬ್ರು. ಹೌದಾ ಸರ್? ನಿಮಗೇನಾದ್ರೂ ಗೊತ್ತಾ?"

ಫ್ರೇಮಣ್ಣ ಫೋನ್ ಇಟ್ಟುಬಿಟ್ಟ. ಕತ್ತರಿಸಲೆಂದು ಗಾಜನ್ನು ಮೇಜಿನ ಮೇಲೆ ಹಾಸಿಕೊಂಡಿದ್ದ; ಅದರ ಮೇಲೆ ಕೈಯೂರಲೂ ಭಯವಾಗಿ ಹಿಂದೆ ಸರಿದ. ಫೋನಿನಲ್ಲೇ, ಇದ್ದಷ್ಟೂ ಷೇರನ್ನು ಮಾರಾಟಕ್ಕೆ ಹಾಕಿದ. ಹಾಕಿದ್ದು ಹಾಕಿದ ಹಾಗೇ ಕೂತಿತು. ಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ.

ಅಷ್ಟರಲ್ಲಿ ಮಾವ ಬಂದ. ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ, "ಏನೋ, ಎಷ್ಟು ಬಂತೋ ಇವತ್ತು? ನಂಗೆ ಲೈನೇ ಸಿಗ್ಲಿಲ್ಲ," ಎಂದ.

ಹೇಳಬೇಕಾಗಿತ್ತು. ಬಾಯಿಯವರೆಗೂ ಬಂದಿತ್ತು. ಆದರೆ ಹೇಳಿದರೆ ಮಾವ ಮರುಕ್ಷಣವೇ ಗುಂಪಿಗೆಲ್ಲ ಸಾರುತ್ತಾನೆ, ಅವನು ಅಂಥವನು. ಆಮೇಲೆ ಈ ಷೇರು ಕಡಲೆಕಾಯಿ ಸುತ್ತುವ ಕಾಗದಕ್ಕೂ ಸಮವಲ್ಲ. ತಂಗಿಯ ಮಕ್ಕಳು ಕಣ್ಣ ಮುಂದೆ ಬಂದರು.

"ನಲವತ್ತೊಂದು ಮಾವ," ಎಂದ ಫ್ರೇಮಣ್ಣ. ಸುಳ್ಳಲ್ಲವಲ್ಲ, ಯಂತ್ರ ಹೇಳಿದ್ದೇ ಅದು.

"ನಲವತ್ತೊಂದಾ! ಭಲೇ!" ಮಾವ ತೊಡೆ ತಟ್ಟಿದ. ಸ್ಟೂಲಿನ ಮೇಲೆ ಕೂತು, ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದ. "ತಡಿ, ಗುಂಪಿಗೆ ಆಮೇಲೆ ಹಾಕ್ತೀನಿ. ಮೊದಲು ನಮ್ಮದು ನೋಡ್ಕೊಳ್ಳೋಣ. ಪಿಂಚಣಿ ಗಂಟು ಸುಮ್ನೆ ನಿದ್ದೆ ಹೊಡೀತಿದೆ, ಅದನ್ನೂ ಈ ಷೇರಿಗೇ ಹಾಕ್ತೀನಿ."

"ಮಾವ..." ಎಂದ ಫ್ರೇಮಣ್ಣ. ಮುಂದಿನ ಮಾತು ಹೊರಡಲೇ ಇಲ್ಲ. ಹೊರಡಿಸಬೇಕೆಂದು ಅವನೂ ಅಷ್ಟೇನೂ ಒದ್ದಾಡಲಿಲ್ಲ, ಸತ್ಯ ಹೇಳಬೇಕೆಂದರೆ.

ಅವನ ಫೋನು ಸಣ್ಣಗೆ ಅದುರಿತು. ಷೇರು ಅಷ್ಟೂ ಮಾರಾಟವಾಗಿತ್ತು.

"ಸಿಕ್ತು ಕಣೋ! ಒಂದೇ ಏಟಿಗೆ!" ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾವನೋ ಮುಠ್ಠಾಳ ಇದ್ದಬದ್ದದ್ದೆಲ್ಲ ಮಾರ್ಬಿಟ್ಟ ನೋಡು. ಅವನ ಹಣೇಲಿ ಬರೆದಿಲ್ಲ, ಏನ್ ಮಾಡೋದು!"

ಫ್ರೇಮಣ್ಣನಿಗೆ ಅಳಬೇಕೋ ಓಡಬೇಕೋ ತಿಳಿಯಲಿಲ್ಲ. ಬಾಗಿಲಲ್ಲಿ ನೆರಳಾಡಿತು. ಸಂಜೆ ಬರುತ್ತೇನೆಂದಿದ್ದ ತಂಗಿ, ಮನಸ್ಸು ತಡೆಯದೆ ಈಗಲೇ ಬಂದಿದ್ದಳು, ಸೊಂಟದಲ್ಲಿ ಚಿಕ್ಕ ಮಗು.

"ಅಣ್ಣಾ, ದುಡ್ಡು ರೆಡಿ ಇದೆ ತಾನೇ? ರಾತ್ರಿಯೆಲ್ಲ ಕಣ್ಣಿಗೆ ಕಣ್ಣು ಹತ್ತಿಲ್ಲ ನಂಗೆ."

"ಹೆದರ್ಬೇಡಮ್ಮ. ನಾಳೆ ಬೆಳಿಗ್ಗೆ ನನ್ನ ಖಾತೆಗೆ ಬರುತ್ತೆ, ಬಂದ ತಕ್ಷಣ ನಿನಗೆ ಹಾಕ್ತೀನಿ," ಎಂದ ಅಣ್ಣ.

ಮಾವನ ನಗು ನಿಂತಿತು. ತಂಗಿಯ ದುಡ್ಡು ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಹಾಕು ಎಂದು ಹುರಿದುಂಬಿಸಿದವನೇ ಅವನು. ನಾಳೆ ಖಾತೆಗೆ ಬರಬೇಕೆಂದರೆ ಇವತ್ತು ಮಾರಿರಬೇಕು. ಅವನು ತನ್ನ ಫೋನನ್ನು ನೋಡಿದ, ಸೋದರಳಿಯನ ಮುಖವನ್ನು ನೋಡಿದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಫ್ರೇಮಣ್ಣ ತಲೆ ತಗ್ಗಿಸಿದ.

"ಒಳಗೆ ನೀರಿದೆ, ಮಗೂಗೆ ಕುಡಿಸು ಹೋಗಮ್ಮ," ಎಂದು ಮಾವ ಅವಳನ್ನು ಒಳಗೆ ಕಳಿಸಿದ. ಆಮೇಲೆ ಮೆಲ್ಲಗೆ, ಹೆದರಿದ ಮಕ್ಕಳ ದನಿಯಲ್ಲಿ ಕೇಳಿದ.

"ಹೌದಪ್ಪಾ, ಆ ನಲವತ್ತೊಂದು ಜನ ಯಾರೋ?"

"ನಾವೇ ಮಾವ," ಎಂದ ಫ್ರೇಮಣ್ಣ. "ಎಲ್ಲಾ ನಾವೇ."