ಅಪ್ಪ ಉಸಿರು ತೆಗೆದುಕೊಳ್ಳುತ್ತಿದ್ದ ಜಾಗ

ವಿಲ್ಮಾ ನಾಲ್ಕನೇ ಸಲ ಸ್ಮಶಾನದ ಗೇಟಿಗೆ ಓಡಿ ರಸ್ತೆ ನೋಡಿ ಬಂದಳು. ಬ್ರನೊ ನಗರದಿಂದ ಪ್ರಾರ್ಥನೆಗೆ ಇಬ್ಬರು ಗಂಡಸರನ್ನು ಕರೆತರಬೇಕಿದ್ದ ಕಾರಿನ ಸುಳಿವೇ ಇಲ್ಲ. ಶುಕ್ರವಾರ ಬೇರೆ, ಹೊತ್ತು ಮುಳುಗಿದರೆ ಯೆಹೂದಿಗಳ ವಿರಾಮದ ದಿನ ಸಬ್ಬತ್ ಶುರು, ಆಮೇಲೆ ಮಣ್ಣು ಮಾಡುವಂತಿಲ್ಲ. ಅಪ್ಪ ಹ್ಯೂಗೊ ತೌಸಿಗ್ ಹಲಗೆಪೆಟ್ಟಿಗೆಯಲ್ಲಿ ಕಾಯುತ್ತಿದ್ದ.

ಪ್ರಾರ್ಥನೆ ಹೇಳಬೇಕಾದ ಮುದುಕ ಆರ್ತುರ್ ಮತ್ತೆ ಬೆರಳು ಮಡಿಸಿದ. ಮನುಷ್ಯರನ್ನು ನೇರವಾಗಿ ಎಣಿಸಬಾರದೆಂದು ಅವರ ರೂಢಿ, ಅದಕ್ಕೇ "ಒಂದಲ್ಲ, ಎರಡಲ್ಲ..." ಎಂದು ಶುರುಮಾಡಿ "ಒಂಬತ್ತಲ್ಲ" ಎನ್ನುವಲ್ಲಿಗೆ ನಿಂತ. ಹತ್ತು ಗಂಡಸರಿಲ್ಲದೆ ಸತ್ತವರಿಗಾಗಿ ಹೇಳುವ ಕಡ್ಡಿಶ್ ಪ್ರಾರ್ಥನೆ ಇಲ್ಲ.

"ನನ್ನ ಗಂಡ ಇದಾನಲ್ರೀ, ಸೇರಿಸ್ಕೊಳ್ಳಿ," ಎಂದಳು ಪಕ್ಕದ ಮನೆಯ ಯಾರ್ಮಿಲಾ.

"ಅವನು ಯೆಹೂದಿ ಅಲ್ವಲ್ಲಮ್ಮ."

"ನಲವತ್ತು ವರ್ಷದಿಂದ ಚರ್ಚಿಗೂ ಹೋಗಿಲ್ಲ. ಇವತ್ತೊಂದಿನಕ್ಕೆ ಆಗ್ತಾನೆ ಬಿಡಿ!"

"ಮತ್ತೆ ನಾನೇನು ಕಲ್ಲಾ, ಆರ್ತುರ್ ಮಾಮ?" ವಿಲ್ಮಾಗೆ ರೇಗಿಹೋಯಿತು. "ಮಗಳು ನಿಂತಿದ್ದೀನಿ!"

"ಹೆಂಗಸರನ್ನ ಸೇರಿಸೋ ಹಾಗಿಲ್ಲ ಕಣಮ್ಮ. ನನ್ನ ಮೇಲೆ ಯಾಕೆ ಸಿಟ್ಟು?"

ಬಸ್ಸು ಹಿಡಿದು ಊರೂರಿಗೆ ಹೋಗಿ, ಯಾರ್ಯಾರದೋ ಗುಂಡಿಯ ಪಕ್ಕ ಹತ್ತನೆಯವನಾಗಿ ನಿಂತವನು ಅಪ್ಪ. ಅವನಿಗೇ ಇವತ್ತು ಒಬ್ಬ ಕಮ್ಮಿ!

*

ಅಪ್ಪ ಹೊಲಿಗೆ ಸಹಕಾರ ಸಂಘದಲ್ಲಿ ಪ್ಯಾಂಟಿನ ಬಟ್ಟೆ ಕತ್ತರಿಸುತ್ತಿದ್ದ. ವರ್ಷವಿಡೀ ಅದೇ ಕೆಲಸ. ಮಾರ್ಚ್ ತಿಂಗಳಲ್ಲಿ ಒಂದು ದಿನ ಮಾತ್ರ ಒಳ್ಳೆಯ ಕೋಟು ತೊಟ್ಟು ಶಾಲೆಯ ಅಂಗಳಕ್ಕೆ ಹೋಗುತ್ತಿದ್ದ. ಯುದ್ಧಕಾಲದಲ್ಲಿ ನಾಜಿಗಳು ಊರಿನ ಯೆಹೂದಿಗಳನ್ನೆಲ್ಲ ಅಲ್ಲೇ ಕೂಡಿಹಾಕಿ, ಕೊರಳಿಗೆ ನಂಬರು ತೂಗುಹಾಕಿ, ಟೆರೆಜಿನ್ ಘೆಟ್ಟೋ ಎಂಬ ಸೆರೆಕೇರಿಗೆ ಸಾಗಿಸಿದ್ದರು; ಮರಳಿದವರು ಬೆರಳೆಣಿಕೆಯಷ್ಟು. ಅಪ್ಪ ಹಾಗೆ ಹೋದವರ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದ. ನಂಬರು ಬಿಟ್ಟು ಬರೀ ಹೆಸರು. ಪ್ರತಿ ವರ್ಷ ಪಟ್ಟಿಯ ಒಂದೇ ಜಾಗದಲ್ಲಿ ಓದು ನಿಲ್ಲಿಸುತ್ತಿದ್ದ.

"ಮರ್ತೋಯ್ತಾ ಅಪ್ಪ?" ಚಿಕ್ಕವಳಿದ್ದಾಗ ಕೇಳಿದ್ದಳು.

"ಇಲ್ಲ ಪುಟ್ಟಾ, ಉಸಿರು ತಗೊಂಡೆ."

ದೊಡ್ಡವಳಾದ ಮೇಲೆ ಪಟ್ಟಿ ತೆಗೆದು ನೋಡಿದಳು. ಅಜ್ಜಿ ಬೆರ್ತಾ, ಸೋದರತ್ತೆ ಲಿಲಿ, ಇಬ್ಬರ ನಡುವೆ ಇದ್ದದ್ದು ಅಪ್ಪನದೇ ಹೆಸರು.

"ನಾನು ವಾಪಸ್ ಬಂದೋನು ಕಣೆ," ಎಂದಿದ್ದ. "ಅವರ ಸಾಲಲ್ಲಿ ನಿಲ್ಲೋಕೆ ನನಗ್ಯಾವ ಮುಖ ಇದೆ?"

*

"ಸೂರ್ಯ ಗುಡ್ಡಕ್ಕೆ ತಾಗ್ತಾ ಇದಾನೆ. ಇನ್ನು ಕಾಯೋಕಾಗಲ್ಲ," ಎಂದ ಆರ್ತುರ್. "ಇಳಿಸೋಣ. ಪ್ರಾರ್ಥನೆ ಇನ್ನೊಂದಿನ ಹೇಳೋಣ."

"ಹೆಸರು ಓದೋಕೆ ಎಷ್ಟು ಜನ ಬೇಕು ಮಾಮ?"

"ಏನಂದೆ?"

"ಅಪ್ಪನ ಪಟ್ಟಿ. ಅದಕ್ಕೂ ಹತ್ತು ಜನ ಬೇಕಾ?"

ಆರ್ತುರ್ ಗಡ್ಡ ಕೆರೆದುಕೊಂಡ. "ಅದಕ್ಕೆ ಯಾರೂ ಲೆಕ್ಕ ಇಟ್ಟಿಲ್ಲ. ಒಬ್ಬರಿದ್ರೂ ಸಾಕು."

ಅವಳು ತೊಟ್ಟಿದ್ದದ್ದು ಅಪ್ಪನ ಕೋಟನ್ನೇ. ಪಟ್ಟಿ ಒಳಜೇಬಿನಲ್ಲೇ ಇತ್ತು, ಮಡಿಚಿದ ಕಡೆಗಳಲ್ಲಿ ಹರಿದಿತ್ತು. ಪೆಟ್ಟಿಗೆ ಗುಂಡಿಗಿಳಿಯಿತು. ಓದತೊಡಗಿದಳು. ಯಾರ್ಮಿಲಾಳ ಗಂಡ ಭಕ್ತಿಯಿಂದ ಟೋಪಿ ತೆಗೆದ. "ಇವರಲ್ಲಿ ಹಾಕ್ಕೋಬೇಕು ಕಣ್ರೀ," ಎಂದು ಯಾರ್ಮಿಲಾ ತಿವಿದಳು, ಮತ್ತೆ ಹಾಕಿಕೊಂಡ.

"ಬೆರ್ತಾ ತೌಸಿಗ್."

ಅಲ್ಲಿದ್ದವರೆಲ್ಲ ಎಷ್ಟೋ ಮಾರ್ಚ್ ತಿಂಗಳಲ್ಲಿ ಆ ಪಟ್ಟಿ ಕೇಳಿದವರು. ರೂಢಿಯಂತೆ ಎಲ್ಲರೂ ಅಲ್ಲಿ ಉಸಿರು ತೆಗೆದುಕೊಂಡರು.

"ಹ್ಯೂಗೊ ತೌಸಿಗ್," ಎಂದಳು ವಿಲ್ಮಾ.

ಮಣ್ಣು ತುಂಬಿದ ಸಲಿಕೆ ಆರ್ತುರ್‌ನ ಕೈಯಲ್ಲೇ ನಿಂತಿತು. ಗೇಟಿನಾಚೆ ಕಾರೊಂದು ಕಿರ್ರೆಂದು ಬಂದು ನಿಂತ ಸದ್ದಾಯಿತು. ಯಾರೂ ತಿರುಗಿ ನೋಡಲಿಲ್ಲ.

"ಲಿಲಿ ತೌಸಿಗ್."