ಮಣೆ ಹಾಕದ ನೆಲ

ಈ ಗಂಟನ್ನು ಈಗಷ್ಟೇ ನೋಡಿದೆನಲ್ಲ, ಅಲ್ಲಿ, ಆ ಕೊನೆಯ ಹಲಗೆಯಲ್ಲಿ, ಕೊಂಬೆ ಕಡಿದ ಜಾಗದಲ್ಲಿ ಮರದ ಮೈಮೇಲೆ ಉಳಿಯುವಂಥ ಕಂದು ಸುಳಿ, ಅದೇ ಸುಳಿ ಇಲ್ಲೂ ಇದೆ, ಪಕ್ಕದ ಸೀಳುಗೆರೆ ಸಮೇತ, ಎರಡು ಮರಕ್ಕೆ ಒಂದೇ ಮಚ್ಚೆ ಇರುವುದುಂಟೇ — ಇರುತ್ತೆ ಮೇಡಂ, ಇದು ಮರ ಅಲ್ಲ, ಮರದ ಫೋಟೋ, ಒಳಗಿರೋದು ವಿನೈಲ್, ಅಂದ್ರೆ ಒಂಥರಾ ಪ್ಲಾಸ್ಟಿಕ್ಕು, ಮೇಲೆ ಓಕ್ ಮರದ ಪ್ರಿಂಟು, ಒಂದಷ್ಟು ಹಲಗೆ ಆದ್ಮೇಲೆ ಅದೇ ಡಿಸೈನು ತಿರ್ಗಾ ಬತ್ತದೆ, ಅನ್ನುತ್ತಾನೆ ನೆಲಹಾಸಿನ ಅಂಗಡಿಯ ಸಿದ್ದೇಶ್, ಕೊರಳಿಗೆ ಹೆಸರಿನ ಬಿಲ್ಲೆ ತೂಗುಹಾಕಿಕೊಂಡು, ಪಾಪ, ಹೆಣ್ಣಿನ ಫೋಟೋ ತಂದು ತೋರಿಸುವ ಮದುವೆ ದಲ್ಲಾಳಿ ಕೂಡ ಇಷ್ಟು ನಿಜ ಹೇಳುವುದಿಲ್ಲ. ಓಕ್ ಮರವನ್ನು ಈ ಊರಲ್ಲಿ ಕಂಡವರು ಯಾರು, ನನಗೆ ಗೊತ್ತಿರುವುದು ತೇಗ, ಹೊನ್ನೆ, ಹಲಸು, ಕಾಣದ ಮರದ ಫೋಟೋ ತಂದು ಮನೆತುಂಬ ಹಾಸಿಕೊಳ್ಳಬೇಕಂತೆ, ಜೇನಿನ ಬಣ್ಣದ ಓಕ್, ಹೊಗೆ ಬಣ್ಣದ ಓಕ್, ಬೂದಿ ಬಣ್ಣದ ಓಕ್ — ಬೂದಿ ಬಣ್ಣ ಬೇಡ, ಅದನ್ನು ಅತ್ತ ಇಡಪ್ಪ, ಯಾಕೆ ಎಂದು ಕೇಳಬೇಡ. ಇವರು, ನನ್ನ ಯಜಮಾನರು ಪ್ರಭುಸ್ವಾಮಿ, ಶಿವರಾಂಪೇಟೆಯ ಪಾತ್ರೆ ಅಂಗಡಿಯಲ್ಲೇ ತಲೆ ನರೆಸಿಕೊಂಡವರು, ಯಾವ ಸಾಮಾನು ಕೈಗೆ ಬಂದರೂ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಡುವುದು ರೂಢಿ, ಹಿತ್ತಾಳೆಯೋ ಲೊಟ್ಟೆಯೋ ಸದ್ದೇ ಹೇಳುತ್ತದೆ ಅನ್ನುತ್ತಾರೆ, ಈಗ ಜೇನು ಬಣ್ಣದ ಹಲಗೆಯನ್ನು ಎತ್ತಿ ತಟ್ಟುತ್ತಿದ್ದಾರೆ, ಡಬ್, ಮತ್ತೆ ಡಬ್, ಇದಕ್ಕೆ ಸೊಲ್ಲೇ ಇಲ್ಲವಲ್ಲ ಕಣೇ ದಾಕ್ಷಾಯಣಿ, ಅನ್ನುತ್ತಾರೆ. ಮಗಳು ಲಾಸ್ಯ ಮೂಲೆಯ ಕುರ್ಚಿಯಲ್ಲಿ ಬಸುರಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಾಳೆ, ಬಾಣಂತನಕ್ಕೆ ನಮ್ಮ ಲಕ್ಷ್ಮೀಪುರಂ ಮನೆಗೇ ಬರುವವಳು, ಬರಲು ಒಂದೇ ಷರತ್ತು ಹಾಕಿದ್ದಾಳೆ, ಅಮ್ಮಾ, ನಡುಮನೆ ನೆಲ ಬದಲಾಯಿಸು, ಇಲ್ಲಾಂದ್ರೆ ನಾನು ಬರಲ್ಲ, ನನ್ನ ಮಗು ಆ ಜಾಗದ ಮೇಲೆ ಅಂಬೆಗಾಲಿಡೋದು ನನ್ನ ಕೈಲಿ ನೋಡಕ್ಕಾಗಲ್ಲ. ಆ ಜಾಗ. ಅವಳು ಹೆಸರು ಹೇಳುವುದಿಲ್ಲ, ಬೆರಳೂ ತೋರಿಸುವುದಿಲ್ಲ, ಮನೆಗೆ ಬಂದರೆ ಎದುರು ಗೋಡೆಗೆ ಒತ್ತಿಕೊಂಡು ಅಡುಗೆಮನೆಗೆ ನಡೆಯುತ್ತಾಳೆ, ಕೆಂಪು ನೆಲದ ಮೇಲಿರುವ ಎರಡು ಬಿಳಿ ಮಂಡಿಗಳನ್ನು ದಾಟದೆ.

ಎರಡು ಮಂಡಿ, ಅಷ್ಟೇ. ಗೊತ್ತಿಲ್ಲದವರು ನೋಡಿದರೆ ಸುಣ್ಣ ಚೆಲ್ಲಿದ ಕಲೆ ಅಂದುಕೊಂಡಾರು, ಗೊತ್ತಿದ್ದವರಿಗೆ ಚಕ್ಕಳಮಕ್ಕಳ ಹಾಕಿ ಕೂತವನ ಎರಡು ಮಂಡಿ ಕಾಣುತ್ತದೆ, ಬಲಗಡೆಯದು ಕೊಂಚ ದೊಡ್ಡದು, ನಡುವೆ ಕಾಲು ಕೂಡಿದಲ್ಲಿ ತೆಳ್ಳಗೆ ಒಂದು ಬಿಳಿಯ ಗೆರೆ. ನನ್ನ ಮಹೇಶ. ಮಳೆಗಾಲದ ಜ್ವರ, ಡೆಂಗ್ಯೂ ಅಂದರು, ಎಳನೀರು ಕುಡಿಸಿ ಅಂದರು, ಕುಡಿಸಿದೆ, ರಕ್ತ ಕೊಡಿಸಿ ಅಂದರು, ಅವನ ಗೆಳೆಯರು ಸಾಲುಗಟ್ಟಿ ನಿಂತು ಕೊಟ್ಟರು, ಬೆಳಗಾಗುವ ಹೊತ್ತಿಗೆ ಮಗ ಲಿಂಗೈಕ್ಯನಾದ ಎಂದು ಇವರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು, ಲಿಂಗೈಕ್ಯ ಅನ್ನುವುದು ಹಿರಿಯರಿಗೆ ಅನ್ನುವ ಮಾತಲ್ಲವೇ, ಇನ್ನೂ ಮದುವೆಯಾಗದವನಿಗೆ ಅದನ್ನು ಹೇಗೆ ಅನ್ನುತ್ತಾರೆ ಎಂದು ನಾನು ಆಸ್ಪತ್ರೆಯ ಬೆಂಚಿನಲ್ಲಿ ಕೂತು ಯೋಚಿಸುತ್ತಿದ್ದೆ, ಅಳು ಬರಲಿಲ್ಲ, ಅದೊಂದೇ ಯೋಚನೆ ಬಂತು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ, ಮೀಯಿಸಿ, ಮೈಗೆಲ್ಲ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟು, ಗೋಡೆಗೆ ಒರಗಿಸಿ, ಊಟಕ್ಕೆ ಕೂತವರ ಹಾಗೆ, ಮಣ್ಣಿಗೆ ಇಡುವಾಗಲೂ ಕೂತ ಹಾಗೆಯೇ. ಮಹೇಶನನ್ನೂ ನಡುಮನೆಯ ಮೂಡಣ ಗೋಡೆಗೆ ಒರಗಿಸಿದರು, ಎದೆಗೆ ಒಂದು ಬಿಳಿ ಪಂಚೆ ಕಟ್ಟಿ ಮೇಲಿನ ಮೊಳೆಗೆ ಬಿಗಿದರು, ಲಾಸ್ಯ ಆಗ ಬೆಳಗಾವಿಯಲ್ಲಿದ್ದಳು, ಅವಳು ಬಂದು ಮುಖ ನೋಡುವವರೆಗೆ ಕಾಯಬೇಕಲ್ಲ, ಕಾದೆವು, ದಿನವೆಲ್ಲ ಕಾದೆವು, ಬಂದವರೆಲ್ಲ ವಿಭೂತಿ ನೀರು ಚಿಮುಕಿಸಿ ಕೈಮುಗಿದು ಹೋದರು, ಆ ನೀರು ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ತೊಡೆಗೆ, ತೊಡೆಯಿಂದ ನೆಲಕ್ಕೆ ಇಳಿಯುತ್ತಲೇ ಇತ್ತು. ನನ್ನ ಮಾವನ ಕಾಲದ ರೆಡ್ ಆಕ್ಸೈಡ್ ನೆಲ, ಅಷ್ಟು ವರ್ಷ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿ ತಿಕ್ಕಿ ಮುಖ ಕಾಣುವ ಹಾಗೆ ಇಟ್ಟುಕೊಂಡಿದ್ದೆ, ಅದು ಯಾರ ಕಲೆಯನ್ನೂ ಹಿಡಿದಿರಲಿಲ್ಲ, ನನ್ನ ಮಗನದನ್ನು ಹಿಡಿಯಿತು.

ಮಣೆ ಹಾಕಲಿಲ್ಲವೇ, ಮಣೆ — ಅಂದವರು ದೊಡ್ಡಮ್ಮ. ಇವರ ಅತ್ತಿಗೆ, ಮಕ್ಕಳು ಕರೆದ ಹಾಗೆ ನಾನೂ ದೊಡ್ಡಮ್ಮ ಎಂದೇ ಕರೆಯುವುದು. ಮಣ್ಣು ಮಾಡಿ ಮುಗಿಸಿ ಗಂಡಸರು ತೋಟದಿಂದ ಬಂದು ಕಾಲು ತೊಳೆದುಕೊಳ್ಳುತ್ತಿದ್ದಾರೆ, ನೆಲ ಒರೆಸಲು ಬಗ್ಗಿದ ದೊಡ್ಡಮ್ಮ ಹಾಗೇ ನಿಂತುಬಿಟ್ಟರು, ಅಯ್ಯೋ ಶಿವನೇ, ಬರೀ ನೆಲದ ಮೇಲೆ ಕೂರಿಸ್ಬುಟ್ರಲ್ರೋ, ಒಂದು ಮಣೆ ಹಾಕಕ್ಕೆ ಯಾರಿಗೂ ತೋಚ್ನಿಲ್ವಾ, ಮಣೆ ಇಲ್ದೆ ಕೂತೋನು ಏಳಲ್ಲ ಕಣ್ರೋ, ಅಲ್ಲೇ ಕೂತಿರ್ತಾನೆ. ಹಲಸಿನ ಮಣೆ ದೇವರಮನೆ ಬಾಗಿಲ ಹಿಂದೆ ಮೊಳೆಗೇ ನೇತಾಡುತ್ತಿತ್ತು, ಎಲ್ಲರ ಕಣ್ಣೆದುರು, ಮಹೇಶನನ್ನು ತೊಟ್ಟಿಲಿಗೆ ಹಾಕಿದ ದಿನ ನಾನು ಕೂತಿದ್ದ ಮಣೆ, ಲಾಸ್ಯಳಿಗೆ ಅರಿಶಿನ ಹಚ್ಚಿದ ಮಣೆ, ಮಾವನವರನ್ನು ಕಡೆಯದಾಗಿ ಕೂರಿಸಿದ್ದೂ ಅದರ ಮೇಲೆಯೇ, ಹಿರಿಯರು ಹೋದರೆ ಎಲ್ಲರಿಗೂ ಎಲ್ಲ ನೆನಪಿರುತ್ತದೆ, ಎಳೆಯವನು ಹೋದರೆ ಯಾರಿಗೂ ಯಾವುದೂ ನೆನಪಾಗುವುದಿಲ್ಲ, ಮಠದಿಂದ ಬಂದ ಸ್ವಾಮಿಗಳಿಗೂ ನೆನಪಾಗಲಿಲ್ಲ. ಯಾವ ಶಾಸ್ತ್ರದಲ್ಲಿದೆ ಅವ್ವಾ ಇದು, ಎಂದು ಅವರ ಮಗ ರೇಗಿದ, ಶಾಸ್ತ್ರ ನಿಂಗೊತ್ತಾ ನಂಗೊತ್ತಾ ಎಂದು ಅವರೂ ರೇಗಿದರು. ಇವರು ಮಾತ್ರ, ತೋಳಿನ ನೀರು ಒರೆಸಿಕೊಳ್ಳುತ್ತಿದ್ದವರು ಟವೆಲನ್ನು ಹಾಗೇ ಹಿಡಿದುಕೊಂಡು ನಿಂತರು. ಮರುದಿನ ನೋಡಿದರೆ ಹಲಸಿನ ಮಣೆ ಮೊಳೆಯಲ್ಲಿ ಇರಲಿಲ್ಲ, ಇವರು ಎಲ್ಲಿ ಹಾಕಿದರೋ, ಯಾರಿಗೆ ಕೊಟ್ಟರೋ, ನಾನು ಕೇಳಲಿಲ್ಲ, ಅವರು ಹೇಳಲಿಲ್ಲ, ನಮ್ಮಿಬ್ಬರ ನಡುವೆ ಆಮೇಲೆ ಆ ಮಾತು ಬರಲೇ ಇಲ್ಲ.

ನನಗೆ ದೊಡ್ಡಮ್ಮನ ಮಾತು ಕೇಳಿ ಎದೆ ಒಡೆಯಬೇಕಿತ್ತು. ಒಡೆಯಲಿಲ್ಲ, ಖುಷಿಯಾಯಿತು. ಹೌದು, ಖುಷಿ, ಇನ್ಯಾವ ಹೆಸರಿಡಲಿ ಅದಕ್ಕೆ, ಅಲ್ಲೇ ಕೂತಿರ್ತಾನೆ ಅಂದರಲ್ಲ, ಆ ಮುದುಕಿಯ ಬಾಯಿಗೆ ಸಕ್ಕರೆ ಹಾಕೋಣ ಅನ್ನಿಸಿತು. ಮಧ್ಯಾಹ್ನ ಇವರು ಅಂಗಡಿಗೆ ಹೋದ ಮೇಲೆ ಕೆಲಸದ ಮುದ್ದಮ್ಮ ಪಾತ್ರೆ ತೊಳೆದು ಹೊರಡುತ್ತಾಳೆ, ಬಾಗಿಲು ಹಾಕಿಕೊಂಡು ಬಂದು ಆ ಮಂಡಿಗಳ ಎದುರು ನಾನೂ ಚಕ್ಕಳಮಕ್ಕಳ ಹಾಕಿ ಕೂರುತ್ತೇನೆ, ನನ್ನ ಮಂಡಿಗೂ ಆ ಮಂಡಿಗೂ ನಡುವೆ ಒಂದು ಊಟದ ಎಲೆಯಷ್ಟು ಜಾಗ, ಇವತ್ತು ಅವರೆಕಾಳು ತೊವ್ವೆ ಮಾಡಿದ್ದೆ ಕಣೋ, ಉಪ್ಪು ಮುಂದಾಯಿತು, ಎದುರುಮನೆ ಪುಟ್ಟಸ್ವಾಮಿ ಹೊಸ ಕಾರು ತಂದ, ಗೇಟಿಗೆ ಗುದ್ದಿದ, ನಿನ್ನ ಅಪ್ಪ ಮತ್ತೆ ಮಾತ್ರೆ ಮರೆತರು — ಹೀಗೆ ಏನೇನೋ, ಮನಸ್ಸಿನಲ್ಲೇ, ಬಾಯಿಬಿಟ್ಟು ಆಡಿದರೆ ನನಗೇ ಹೆದರಿಕೆ. ಹೆದರಿಕೆ ಇಲ್ಲವೆಂದಲ್ಲ. ಮೋಡದ ದಿನ ಬೆಳಕು ಕಡಿಮೆಯಾದರೆ ಬಿಳುಪು ನೆಲದಿಂದ ಒಂದಿಷ್ಟು ಮೇಲೆದ್ದ ಹಾಗೆ ಕಾಣುತ್ತದೆ, ಮಂಡಿಗೆ ದಪ್ಪ ಬಂದ ಹಾಗೆ, ಆದರೂ ಏಳುವುದಿಲ್ಲ, ತಾಯಿಯಾದವಳು ಮಗನಿಗೆ ಹೆದರಿ ಎದ್ದು ಹೋಗುತ್ತಾಳೆಯೇ. ಲಾಸ್ಯ ಒಮ್ಮೆ ಅದನ್ನು ತೆಗೆದೇ ತೀರುತ್ತೇನೆಂದು ನಿಂಬೆಹುಳಿ ಹಿಂಡಿ ಉಜ್ಜಿದಳು, ಉಜ್ಜಿದಳು, ಅಳುತ್ತ ಉಜ್ಜಿದಳು, ಹುಳಿ ತಾಗಿ ನೆಲ ಇನ್ನಷ್ಟು ಬೆಳ್ಳಗಾಯಿತು, ಮಂಡಿಗಳು ಮೊದಲಿಗಿಂತ ಚೆನ್ನಾಗಿ ಕಂಡವು, ಬುಡು ಮಗಳೇ, ಹೋಗಲ್ಲ ಅದು, ಅಂದೆ, ನನ್ನ ದನಿಯಲ್ಲಿ ಏನು ಕೇಳಿಸಿತೋ, ನನ್ನ ಮುಖವನ್ನೇ ನೋಡಿದಳು. ಅವತ್ತಿನಿಂದ ಅವಳಿಗೆ ನನ್ನ ಮೇಲೂ ಅನುಮಾನ, ಈ ನೆಲ ಬದಲಾಯಿಸುವ ಹಟ ಮಗುವಿಗಾಗಿ ಎಷ್ಟೋ ನನಗಾಗಿಯೂ ಅಷ್ಟೇ. ಬರುವ ಮಗು ಬರಲಿ, ನನ್ನ ಮಡಿಲಲ್ಲೇ ಬೆಳೆಯಲಿ, ಆದರೆ ಇರುವವನು ಇರಲಿ, ಇದನ್ನು ಯಾರ ಹತ್ತಿರ ಹೇಳಲಿ.

ನಿಜವಾದ ಮರದ್ದು ಇಲ್ಲವೇನಪ್ಪ — ಇವರ ದನಿ. ಅದೆ ಸರ್, ಒಳಗದೆ, ಮೇಲೊಂದು ಪದರ ಒರಿಜಿನಲ್ ಓಕು, ಕೆಳಗೂ ಮರವೇ, ಬನ್ನಿ ತೋರಿಸ್ತೀನಿ. ಒಳಗೆ ಗಾಜಿನ ಬಾಗಿಲ ಹಿಂದೆ ಮರದ ವಾಸನೆ, ಇವರು ಆ ಹಲಗೆಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎರಡು ಕೈಯಲ್ಲಿ ಎತ್ತಿಕೊಂಡರು, ಗೆಣ್ಣಿನಿಂದ ತಟ್ಟಿದರು, ಟಕ್, ಕಿವಿಯ ಹತ್ತಿರ ತಂದು ಮತ್ತೆ ಟಕ್, ನೋಡು, ಇದು ಮರ ಕಣೇ, ಇದರ ಮೇಲೆ ಕೂರಬಹುದು. ಕೂರಬಹುದು ಅಂದರು. ನಡೆಯಬಹುದು ಅನ್ನಲಿಲ್ಲ, ಮಗು ಆಡಬಹುದು ಅನ್ನಲಿಲ್ಲ. ಲಾಸ್ಯ ಕುರ್ಚಿಯಿಂದಲೇ, ಅಪ್ಪಾ, ಯಾವುದಾದ್ರೂ ಸರಿ, ಬೇಗ ಆರಿಸಿ, ನನ್ನ ಸೊಂಟ ಬಿದ್ದೋಗ್ತದೆ, ಅನ್ನುತ್ತಾಳೆ, ಇವರಿಗೆ ಕೇಳಿಸುತ್ತಿಲ್ಲ, ಸಿದ್ದೇಶನನ್ನು ಕೇಳುತ್ತಿದ್ದಾರೆ, ಹಾಕುವಾಗ ಮೊದಲನೇ ಹಲಗೆ ಎಲ್ಲಿಂದ ಶುರು ಮಾಡ್ತೀರಿ. ಗೋಡೆ ಪಕ್ಕದಿಂದ ಸರ್, ಯಾವ ಗೋಡೆ ಅಂತ ನೀವೇ ಹೇಳಿ. ಮೂಡಣ ಗೋಡೆಯಿಂದ ಶುರು ಮಾಡಿ, ಮೊದಲನೇದು ನಾನೇ ಹಾಕ್ತೀನಿ, ನನ್ನ ಕೈಯಾರೆ. ಸಿದ್ದೇಶ್ ನಕ್ಕ, ಪೂಜೆ ಮಾಡಿ ಹಾಕ್ತೀರಾ ಸರ್, ಎಷ್ಟೋ ಜನ ಹಾಕ್ತಾರೆ. ಇವರು ನಗಲಿಲ್ಲ, ಹಲಗೆಯನ್ನು ಕೆಳಗೂ ಇಡಲಿಲ್ಲ, ಕಣ್ಣು ಕೆಂಪಗಾಗಿದೆ, ಆಗ ನನಗೆ ತಿಳಿಯಿತು, ಮಗಳು ಹಟ ಹಿಡಿದಳು ಎಂದಲ್ಲ ಇವರು ಒಪ್ಪಿದ್ದು, ಮೊಮ್ಮಗುವಿಗೆಂದೂ ಅಲ್ಲ, ಇಷ್ಟು ದಿನ ಒಂದೂ ಮಾತಾಡದೆ ಈ ಮನುಷ್ಯ ಮಗನಿಗೆ ಮಣೆ ಹುಡುಕುತ್ತಿದ್ದಾರೆ. ಮಗನ ಕೆಳಗೆ ಮರ ಹಾಕಿ, ಏಳಪ್ಪ ಇನ್ನು ಅನ್ನುವುದಕ್ಕೆ.

ಬೇಡ. ಬೇಡ ಅಂದೆ, ಜೋರಾಗಿಯೇ ಅಂದೆ, ಮೂವರೂ ತಿರುಗಿ ನೋಡಿದರು. ಆಮೇಲೆ ಬಾಯಿ ತಾನೇ ನಡೆಯಿತು, ಸುಳ್ಳಿಗೆ ಇಷ್ಟು ಕಾಲುಗಳಿರುತ್ತವೆ ಎಂದು ನನಗೇ ಗೊತ್ತಿರಲಿಲ್ಲ — ಮರ ಬೇಡ ಕಣ್ರೀ, ಗೆದ್ದಲು ಹಿಡೀತದೆ, ಬಾಣಂತಿ ಮನೆ, ನೀರು ಚೆಲ್ಲದೆ ಇರ್ತದಾ, ಮಗು ಉಚ್ಚೆ ಹೊಯ್ಯಲ್ವಾ, ಮರ ಉಬ್ಬಿದ್ರೆ ಯಾರು ನೋಡೋರು, ಈ ವಿನೈಲೇ ಇರಲಿ, ಜೇನು ಬಣ್ಣದ್ದು, ನೋಡಕ್ಕೂ ಮರದ ಹಂಗೇ ಅದೆ. ಅಮ್ಮ ಸರಿಯಾಗಿ ಹೇಳ್ತಿದ್ದಾಳೆ ಅಪ್ಪಾ, ಅಂದಳು ಲಾಸ್ಯ, ಮೊದಲ ಸಲ ನನ್ನ ಪರ ಬಂದಳು, ನನಗೆ ಅವಳ ಮುಖ ನೋಡಲಾಗಲಿಲ್ಲ. ಹಳೇ ನೆಲ ಅಗೆಯಬೇಕೇನಪ್ಪ ಎಂದು ಸಿದ್ದೇಶನನ್ನು ಕೇಳಿದೆ, ಏನೂ ಬೇಡ ಮೇಡಂ, ಅಂಟೂ ಹಾಕಲ್ಲ, ತೆಳ್ಳಗೊಂದು ಹಾಳೆ ಹಾಸಿ ಒಂದಕ್ಕೊಂದು ಸಿಗಿಸ್ಕೊಂಡು ಹೋಯ್ತೀವಿ, ಹಳೇ ನೆಲ ಕೆಳಗೆ ಅಂಗೇ ಇರ್ತದೆ, ಯಾವತ್ತು ಬೇಕಾದ್ರೂ ಎತ್ಕಬೌದು. ಅಂಗೇ ಇರ್ತದೆ. ಸಾಕು, ನನಗೆ ಇಷ್ಟು ಸಾಕು, ಇವರಿಗೆ ಮಣೆ ಹಾಕಿದ ಸಮಾಧಾನ, ಮಗಳಿಗೆ ಕಲೆ ಮುಚ್ಚಿದ ಸಮಾಧಾನ, ಅವನು ಮಾತ್ರ ಮರದ ಫೋಟೋದ ಕೆಳಗೆ ಬರಿ ಕೆಂಪು ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೇ ಇರುತ್ತಾನೆ, ಪ್ಲಾಸ್ಟಿಕ್ಕಿಗೆ ಅವನು ಏಳುವವನಲ್ಲ, ಮಧ್ಯಾಹ್ನ ನಾನು ಅದರ ಮೇಲೆ ಕೂತು ಮಾತಾಡಿದರೆ ಕೇಳಿಸುತ್ತದೆ. ಇವರು ಆ ಮರದ ಹಲಗೆಯನ್ನು ಕೆಳಗಿಟ್ಟರು, ಅಂಗೈಯಿಂದ ಒಮ್ಮೆ ಸವರಿ ಇಟ್ಟರು, ನಿನಗೆ ಯಾವುದು ಅನುಕೂಲವೋ ಅದೇ ಆಗಲಿ ಕಣೇ, ಅಂದರು, ಜೇನು ಬಣ್ಣದ ವಿನೈಲ್ ಹಲಗೆಯೊಂದನ್ನು ಎತ್ತಿಕೊಂಡು ಕಂಕುಳಲ್ಲಿ ಇಟ್ಟುಕೊಂಡರು, ಸರ್, ಅದು ಸ್ಯಾಂಪಲ್ಲು, ಅಂದ ಸಿದ್ದೇಶ್, ಗೊತ್ತು, ಒಂದು ನಿಮಿಷ ಇರಲಿ ಬುಡಪ್ಪ, ಅಂದರು.

ಗೆದ್ದೆ ಅನ್ನಿಸಬೇಕಿತ್ತು, ಈ ಅಂಗಡಿಯ ದೀಪಗಳು ಯಾಕೆ ಇಷ್ಟು ಬೆಳ್ಳಗಿವೆ, ಸಿದ್ದೇಶ್ ಕೋಣೆಯ ಉದ್ದಗಲ ಕೇಳುತ್ತಿದ್ದಾನೆ, ಲಾಸ್ಯ ಹೇಳುತ್ತಿದ್ದಾಳೆ, ನನಗೆ ಮಾತ್ರ ದೊಡ್ಡಮ್ಮನ ಷೋಕೇಸು ಕಾಣುತ್ತಿದೆ, ಅದರಲ್ಲಿ ಎಕ್ಸಿಬಿಷನ್ನಿನಿಂದ ತಂದ ಪ್ಲಾಸ್ಟಿಕ್ ಸೇಬು, ಮಹೇಶ ಇನ್ನೂ ಶಿಶುವಿಹಾರಕ್ಕೆ ಹೋಗುತ್ತಿದ್ದ, ತಿನ್ನಕ್ಕೆ ಏನಾದ್ರೂ ಕೊಡಿ ಎಂದು ಕಾಡಿದ್ದಕ್ಕೆ ದೊಡ್ಡಮ್ಮ ತಮಾಷೆಗೆ ಅದನ್ನೇ ಕೊಟ್ಟರು, ತಕೋ ಮಗ, ತಿನ್ನು, ಕಚ್ಚಿದ, ಹಲ್ಲಿನ ಗುರುತು ಬಿತ್ತು, ಎಲ್ಲರೂ ನಕ್ಕರು, ಅವನು ನಗಲಿಲ್ಲ, ಅಳಲೂ ಇಲ್ಲ, ಎಂಗದೆ ಮಗ ಅಂದರೆ, ಸೀಯಾಗದೆ ದೊಡ್ಡಮ್ಮ, ಅಂದ. ಮನೆಗೆ ಬರುವಾಗ ದಾರಿಯಲ್ಲಿ ನನ್ನ ಕಿವಿಯಲ್ಲಿ ಹೇಳಿದ, ಅದು ಸುಳ್ಳುಸೇಬು ಕಣಮ್ಮ, ನಂಗೊತ್ತಿತ್ತು, ದೊಡ್ಡಮ್ಮ ಕೊಟ್ರಲ್ಲ ಅದಕ್ಕೆ. ಹಾಗೇ ಬೆಳೆದ, ಉಪ್ಪು ಮರೆತ ಸಾರನ್ನು ಚೆನ್ನಾಗದೆ ಅಂತ ಎರಡು ಸಲ ಬಡಿಸಿಕೊಂಡು ಉಂಡವನು, ಅಪ್ಪ ತಂದ ಅಳತೆ ತಪ್ಪಿದ ಅಂಗಿಯನ್ನು ಹರಿಯುವವರೆಗೆ ತೊಟ್ಟವನು, ಅವನು ಯಾರಿಂದಲೂ ಮೋಸಹೋದವನಲ್ಲ, ಕೊಟ್ಟವರ ಮನಸ್ಸು ನೋಯಬಾರದು ಅಷ್ಟೇ. ಅಯ್ಯೋ, ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ. ಇವರು ಮೂಡಣ ಗೋಡೆಯ ಹತ್ತಿರ ಬಗ್ಗುತ್ತಾರೆ, ಸೊಂಟ ಹಿಡಿದುಕೊಂಡು, ಮೊದಲ ಹಲಗೆ ಇಡುತ್ತಾರೆ, ಗೆಣ್ಣಿನಿಂದ ತಟ್ಟುತ್ತಾರೆ, ಡಬ್, ಏಳಪ್ಪ, ಅನ್ನುತ್ತಾರೆ, ಅದು ಮರವಲ್ಲ ಎಂದು ಅವನಿಗೆ ಗೊತ್ತಾಗುತ್ತದೆ, ತಕ್ಷಣ ಗೊತ್ತಾಗುತ್ತದೆ, ಆದರೂ ಅಪ್ಪ ಕೊಟ್ಟರಲ್ಲ, ಅದಕ್ಕೆ — ಮೇಡಂ, ಜೇನು ಬಣ್ಣದ್ದೇ ಬರಕೊಳ್ಳಲಾ, ಮೇಡಂ — ಕೆಂಪು ನೆಲ, ಅದರ ಮೇಲೆ ಎರಡು ಬಿಳಿ ಮಂಡಿ, ಬಲಗಡೆಯದು ಮೊದಲು ನೆಲ ಬಿಡುತ್ತದೆ.